ಪರದೆಯ ಪೋಡಿ

ಕನಕಪುರ ತಾಲ್ಲೂಕಿನಲ್ಲಿ ‘ಪೋಡಿ’ ಎಂಬ ಮಾತು ಬಿದ್ದರೆ ಮೂರು ಜನ ನೆಟ್ಟಗೆ ಕೂರುತ್ತಾರೆ: ಜಮೀನು ಇರುವವನು, ಅವನ ತಮ್ಮ, ಇಬ್ಬರಿಗೂ ಬೇಕಾದ ವಕೀಲರು. ಒಂದು ಸರ್ವೆ ನಂಬರನ್ನು ಅಳೆದು, ಗೆರೆ ಎಳೆದು, ಇಷ್ಟು ನಿನ್ನ ಹಿಸ್ಸೆ ಇಷ್ಟು ಅವನ ಹಿಸ್ಸೆ ಎಂದು ನಕ್ಷೆ ಮಾಡಿಕೊಡುವ ಕೆಲಸ ಅದು. ಅರ್ಜಿ ಬರೆಯುವಾಗ ಇದ್ದ ಮೀಸೆಯ ಬಣ್ಣ ನಕ್ಷೆ ಕೈಗೆ ಬರುವಾಗ ಇರುವುದಿಲ್ಲ ಎನ್ನುವುದು ನಮ್ಮ ಕೋಡಿಹಳ್ಳಿಯ ಅರಳಿಕಟ್ಟೆಯ ಹಳೇ ನಗೆಮಾತು. ಇಂಥ ಊರಿನಲ್ಲಿ ಕೂತು ನನ್ನ ತಂಗಿಯ ಮಗಳು ಬೆರಳಿನ ಒಂದೇ ಎಳೆತಕ್ಕೆ ಪೋಡಿ ಮಾಡುತ್ತಾಳೆ. ಅಳತೆಯ ಚೈನು ಬೇಡ, ಚೆಕ್ಕುಬಂದಿ ಬೇಡ, ಪಂಚರ ರುಜು ಬೇಡ. ಟ್ಯಾಬ್ಲೆಟ್ಟಿನ ಪರದೆ ಎರಡಾಗುತ್ತದೆ. ಒಂದು ಕಡೆ ಹತ್ತನೇ ತರಗತಿಯ ಸಮಾಜವಿಜ್ಞಾನದ ಪಿಡಿಎಫ್, ಇನ್ನೊಂದು ಕಡೆ ಅವಳ ನೋಟ್ಸು.

ಅವಳು ಬಿ.ಎ. ಮುಗಿಸಿ ಗ್ರಾಮ ಆಡಳಿತ ಅಧಿಕಾರಿಯಾಗಲು ಹೊರಟಿದ್ದಾಳೆ. 2024ರಲ್ಲಿ ಕಂದಾಯ ಇಲಾಖೆ ಒಮ್ಮೆಗೇ 1000 ಹುದ್ದೆ ಕರೆದ ಮೇಲೆ ನಮ್ಮ ಹೋಬಳಿಯಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರೆಲ್ಲ ಓದುಗರಾಗಿಬಿಟ್ಟರು. ನಾನು ಚಿಕ್ಕವನಿದ್ದಾಗ ಊರಿನ ಹಿರಿಯರು ಆ ಕೆಲಸದವರನ್ನು ಇನ್ನೂ ಶಾನುಭೋಗರು ಎಂದೇ ಕರೆಯುತ್ತಿದ್ದರು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯಿದೆ ತೆಗೆದುಹಾಕಿತು, ಆಮೇಲೆ ಗ್ರಾಮ ಲೆಕ್ಕಿಗರು ಬಂದರು, ಈಗ ಆಡಳಿತ ಅಧಿಕಾರಿ. ಹೆಸರು ಉದ್ದವಾದಷ್ಟೂ ಪರೀಕ್ಷೆಯ ಪಠ್ಯವೂ ಉದ್ದವಾಗಿದೆ. ಟ್ಯಾಬ್ಲೆಟ್ ಕೊಡಿಸಿದ್ದು ಅವಳ ಅಣ್ಣ. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿದ್ದಾನೆ, ಬೋನಸ್ಸು ಬಂದಾಗ ತಂದ. 11 ಇಂಚಿನದು, ಆಂಡ್ರಾಯ್ಡು, ಪೆನ್ನು ಜೊತೆಗೇ ಬಂದಿದೆ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಹೊತ್ತುಹೊತ್ತಿಗೂ ಸೊಪ್ಪು ಬೀಳಬೇಕು, ಆ ದಿನಗಳಲ್ಲಿ ಮನೆಯವರು ಯಾರೂ ಸರಿಯಾಗಿ ಮಲಗುವುದಿಲ್ಲ. ಹೇಗೂ ಎದ್ದಿರಬೇಕಲ್ಲ ಎಂದು ಅವಳು ಹುಳುಮನೆಯ ಬಾಗಿಲಲ್ಲೇ ಚಾಪೆ ಹಾಸಿ ಸಂವಿಧಾನ ಓದುತ್ತಾಳೆ. ಹುಳು ಸೊಪ್ಪು ತಿನ್ನುವ ಸದ್ದಿನ ನಡುವೆ ಮೂಲಭೂತ ಹಕ್ಕುಗಳು ಬೇಗ ತಲೆಗೆ ಹತ್ತುತ್ತವೆ ಎನ್ನುವುದು ಅವಳ ಅನುಭವ.

ಹಿಂದಿನ ಮನೆಯ ತಾತನಿಗೆ ಈ ಪೋಡಿ ನೋಡಿ ಬಹಳ ಕುತೂಹಲ. ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯದಲ್ಲಿ ಕನಕಪುರದ ಕೋರ್ಟಿಗೆ ಅಲೆದು ಎರಡು ಜೊತೆ ಚಪ್ಪಲಿಗಿಂತ ಹೆಚ್ಚು ಸವೆಸಿದವರು.

“ಇದೇನವ್ವಾ, ಗೆರೆ ಹಿಂಗ್ ಸರೀತದೆ?”

“ಎಷ್ಟ್ ಬೇಕೋ ಅಷ್ಟಕ್ಕೆ ಸರಿಸ್ಕೋಬೋದು ತಾತ.”

“ಕಲ್ಲು ನೆಡದೆ ಇದ್ರೆ ಬದು ನಿಲ್ಲಾಕಿಲ್ಲ ಕಣವ್ವಾ. ಪಕ್ಕದೋನು ಉಳೋವಾಗೆಲ್ಲ ಒಂದೊಂದ್ ಸಾಲು ಒಳೀಕೆ ಬತ್ತಾನೆ.”

ತಾತ ಹೇಳಿದ್ದೇ ನಡೆಯಿತು. ಮೊದಮೊದಲು ಮೇಲಿನ ಹಿಸ್ಸೆಯಲ್ಲಿ ಯೂಟ್ಯೂಬಿನ ಇತಿಹಾಸದ ಪಾಠ, ಕೆಳಗಿನದರಲ್ಲಿ ನೋಟ್ಸು ಇರುತ್ತಿತ್ತು. ಪಾಠ ಮುಗಿದ ಮೇಲೆ ಪರೀಕ್ಷೆಯಲ್ಲಿ ಗೆದ್ದವರ ಸ್ಫೂರ್ತಿಯ ಭಾಷಣ ತಾನಾಗಿ ಶುರುವಾಗುತ್ತಿತ್ತು, ಅದಾದ ಮೇಲೆ ಬಿರಿಯಾನಿ ಮಾಡುವ ವಿಧಾನ. ಬದು ದಿನವೂ ಒಂದು ಬೆರಳು ಕೆಳಕ್ಕೆ ಇಳಿದು, ಕಡೆಗೆ ನೋಟ್ಸಿಗೆ ಒಂದು ಪಟ್ಟಿ ಜಾಗ ಉಳಿಯಿತು. ಭಾವ ಇದನ್ನು ಕಂಡು ನನ್ನ ಹತ್ತಿರ ದೂರು ಹೇಳಿದರು: “ಅರ್ಧ ಓದ್ತಾವ್ಳೆ, ಅರ್ಧ ಸಿನಿಮಾ ನೋಡ್ತಾವ್ಳೆ. ಸರ್ಕಾರದೋರು ಅರ್ಧ ಕೆಲಸ ಕೊಡ್ತಾರಾ ಮೇಷ್ಟ್ರೇ?” ನಾನು ನಿವೃತ್ತ ಮೇಷ್ಟ್ರಾದ್ದರಿಂದ ಊರಿನಲ್ಲಿ ಓದಿಗೆ ಸಂಬಂಧಪಟ್ಟ ವ್ಯಾಜ್ಯಗಳೆಲ್ಲ ನನ್ನ ಜಗಲಿಗೇ ಬರುತ್ತವೆ. ಹಾಗಾಗಿ ಯಾವ ನೋಟ್ಸಿನ ಆಪ್ ಯಾವ ರೀತಿ ಪರದೆ ಹಂಚುತ್ತದೆ ಎಂದು ವಿಚಾರಣೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಅಳತೆ. ಮೋಜಣಿ ಇಲ್ಲದೆ ಪೋಡಿ ಇಲ್ಲ. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ ಎಂದು ಬಾಯಿಪಾಠ ಮಾಡಿದ ಹುಡುಗಿಗೆ ತನ್ನ ಪರದೆಯ ವಿಸ್ತೀರ್ಣ ಗೊತ್ತಿರಲಿಲ್ಲ. 11 ಇಂಚು ಎಂದು ಅಂಗಡಿಯವರು ಹೇಳುವುದು ಮೂಲೆಯಿಂದ ಮೂಲೆಗೆ. 16ಕ್ಕೆ 10ರ ಅನುಪಾತದ ಪರದೆಯಾದರೆ ಉದ್ದ ಒಂಬತ್ತೂಕಾಲು ಇಂಚಿಗಿಂತ ಒಂದಿಷ್ಟು ಹೆಚ್ಚು, ಅಗಲ ಆರಕ್ಕೆ ಸ್ವಲ್ಪ ಕಡಮೆ. ಅಡ್ಡ ಹಿಡಿದು ಎಡ ಬಲ ಎಂದು ಸಮಪಾಲು ಮಾಡಿದರೆ ಒಂದೊಂದು ಹಿಸ್ಸೆಗೆ ನಾಲ್ಕೂಮುಕ್ಕಾಲು ಇಂಚೂ ಅಗಲ ಸಿಗುವುದಿಲ್ಲ. ಅದರೊಳಗೆ ಎ4 ಅಳತೆಯ ಪುಟ ಇಡೀ ಕಾಣಬೇಕಾದರೆ ಪುಟ ಸರಿಯಾಗಿ ಅರ್ಧಕ್ಕೆ ಕುಗ್ಗಬೇಕು, 12 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಗಬೇಕು. ಇಂಗ್ಲಿಷಿನವರು ಅದನ್ನೂ ಹೇಗೋ ಓದಿಕೊಂಡಾರು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಒತ್ತಿನ ಪಕ್ಕ ಇನ್ನೊಂದು ಒತ್ತು. 6 ಪಾಯಿಂಟಿನಲ್ಲಿ ‘ರಾಷ್ಟ್ರ’ ಎಂಬುದು ಮಸಿಯ ಚುಕ್ಕೆ.

ಅದನ್ನೇ ನೆಟ್ಟಗೆ ಹಿಡಿದು ಮೇಲೆ ಕೆಳಗೆ ಎಂದು ಹಂಚಿದರೆ ಪುಟದ ಅಗಲಕ್ಕೆ ಆರು ಇಂಚಿನ ಹತ್ತಿರ ಜಾಗ ಬರುತ್ತದೆ, ಅಕ್ಷರ ಎಂಟೂವರೆ ಪಾಯಿಂಟಿಗೆ ಏರುತ್ತದೆ. ಪುಟದ ಅರ್ಧಕ್ಕಿಂತ ಚೂರು ಹೆಚ್ಚು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಸರಿಸಿಕೊಳ್ಳಬೇಕು. ಆದರೂ ಕನ್ನಡದ ಓದಿಗೆ ನನ್ನ ತೀರ್ಪು ಈ ಮೇಲು-ಕೆಳಗಿನ ಪಾಲಿಗೇ. ಜಾಹೀರಾತುಗಳಲ್ಲಿ ಯಾವಾಗಲೂ ಎಡ-ಬಲದ ಪಾಲನ್ನು ತೋರಿಸುತ್ತಾರೆ. ಅಲ್ಲಿ ಪುಟದ ತುಂಬ ಒಂದು ಹೂವಿನ ಚಿತ್ರ, ಪಕ್ಕದಲ್ಲಿ ದುಂಡಗೆ ಬರೆದ ನಾಲ್ಕು ಇಂಗ್ಲಿಷ್ ಪದ. ಭೂಕಂದಾಯ ಕಾಯಿದೆಯ ಕಲಮುಗಳನ್ನು ಓದುವವರು ಜಾಹೀರಾತಿನಲ್ಲಿ ಇರುವುದಿಲ್ಲ.

ಎರಡನ್ನು ಪಕ್ಕಪಕ್ಕ ಇಟ್ಟು ಓದುವ ಹಂಬಲ ಟ್ಯಾಬ್ಲೆಟ್ಟಿನ ಜೊತೆಗೆ ಹುಟ್ಟಿದ್ದಲ್ಲ. ಇಟಲಿಯ ಅಗೊಸ್ತಿನೊ ರಮೆಲ್ಲಿ ಎಂಬ ಎಂಜಿನಿಯರು 1588ರಲ್ಲಿ ಅಚ್ಚಾದ ತನ್ನ ಯಂತ್ರಗಳ ಪುಸ್ತಕದಲ್ಲಿ ಒಂದು ದೊಡ್ಡ ಚಕ್ರದ ಚಿತ್ರ ಕೊಟ್ಟಿದ್ದಾನೆ. ಅದರ ಸುತ್ತ ಪುಸ್ತಕಗಳು ತೆರೆದುಕೊಂಡೇ ಕೂತಿರುತ್ತವೆ, ಓದುವವನು ಕೂತಲ್ಲೇ ಚಕ್ರ ತಿರುಗಿಸುತ್ತಾನೆ. 1945ರಲ್ಲಿ ಅಮೆರಿಕದ ವನ್ನೆವರ್ ಬುಷ್ ‘ಮೆಮೆಕ್ಸ್’ ಎಂಬ ಮೇಜನ್ನು ಕಲ್ಪಿಸಿದ. ಅದರ ಮೇಲೆ ಎರಡು ತೆರೆ ಅಕ್ಕಪಕ್ಕ ಇರುತ್ತವೆ, ಒಂದರ ಪುಟಕ್ಕೂ ಇನ್ನೊಂದರ ಪುಟಕ್ಕೂ ಗಂಟು ಹಾಕಬಹುದು, ಮುಂದೆ ಯಾವಾಗ ಒಂದನ್ನು ತೆಗೆದರೂ ಗಂಟು ಹಿಡಿದು ಇನ್ನೊಂದಕ್ಕೆ ಹೋಗಬಹುದು. ಆ ಮೇಜನ್ನು ಯಾರೂ ಮಾಡಲಿಲ್ಲ. ಆದರೆ ಗಂಟಿನ ಮಾತನ್ನು ನೆನಪಿಡಿ, ಆಪ್‌ಗಳ ವಿಚಾರಣೆಯಲ್ಲಿ ಅದೇ ಮುಖ್ಯ ಸಾಕ್ಷಿ.

ಪಕ್ಕಪಕ್ಕ ಇಟ್ಟುಕೊಳ್ಳುವ ಈ ಹಂಬಲ ನಮ್ಮಲ್ಲೂ ಇತ್ತು. ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲಿ ತಾನು ಹಲಗೆ ಬಳಪ ಮುಟ್ಟಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ ಎಂಬ ಅರ್ಥದಲ್ಲಿ ಹೆಮ್ಮೆ ಹೇಳಿಕೊಳ್ಳುತ್ತಾನೆ. ಅದನ್ನು ಮಕ್ಕಳಿಗೆ ಕವಿಯ ಆತ್ಮವಿಶ್ವಾಸ ಎಂದು ಪಾಠ ಮಾಡಿದೆ. ಈಗ ನೋಡಿದರೆ ಅದು ಉಳಿದ ಕವಿಗಳ ಬಗ್ಗೆ ಒಳ್ಳೆಯ ಸಾಕ್ಷ್ಯ. ಅವರೆಲ್ಲ ಒಂದು ಕಡೆ ಹಲಗೆ, ಒಂದು ಕಡೆ ಓಲೆ ಇಟ್ಟುಕೊಂಡು, ಹಲಗೆಯಲ್ಲಿ ಬರೆದು ಒರೆಸಿ ಮತ್ತೆ ಬರೆದು, ಗಟ್ಟಿಯಾದದ್ದನ್ನು ಓಲೆಗೆ ಏರಿಸುತ್ತಿದ್ದರು ಎಂದಾಯಿತಲ್ಲ. ಗದುಗಿನ ಮಹಾಕವಿಯೊಬ್ಬನೇ ‘ಅನ್‌ಡೂ’ ಗುಂಡಿ ಇಲ್ಲದೆ ಬರೆದವನು. ಇನ್ನು ವರ್ತಕರು, ಮಠದವರು ಲೆಕ್ಕ ಬರೆಯುತ್ತಿದ್ದ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬೆಳ್ಳಗೆ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿ ಬರಹ, ಕಣ್ಣಿಗೆ ಹಿತ ಎಂದು ನನ್ನ ಸೊಸೆ ಟ್ಯಾಬ್ಲೆಟ್ಟಿನಲ್ಲಿ ‘ಡಾರ್ಕ್ ಮೋಡ್’ ಹಾಕಿಕೊಂಡಾಗ ನನಗೆ ಶೃಂಗೇರಿಯ ಕಡತಗಳ ನೆನಪಾಯಿತು. ಎರಡು ಮಡಿಕೆ ಬಿಡಿಸಿದರೆ ಹಳೇ ಬಾಕಿ, ಹೊಸ ಜಮಾ ಎರಡೂ ಒಟ್ಟಿಗೆ ಕಣ್ಣೆದುರು. ಬೇಕಾದರೆ ಮೂರನೆಯದನ್ನೂ ಬಿಡಿಸಬಹುದು.

ಆದರೆ ನಮ್ಮ ಸೀಮೆಯ ರೈತ ಕಂಡ ನಿಜವಾದ ಜೋಡಿ ಪರದೆ ‘ಭೂಮಿ’ಯದು. 2001ರ ಹೊತ್ತಿಗೆ ಕರ್ನಾಟಕ ಪಹಣಿಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯೋಸ್ಕು ತೆರೆಯಿತು. 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಬರುತ್ತಿತ್ತು. ಆ ಕಿಯೋಸ್ಕಿನಲ್ಲಿ ಸಿಬ್ಬಂದಿಯ ಎದುರು ಒಂದು ಮಾನಿಟರ್, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಮಾನಿಟರ್. ಒಳಗೆ ಬೆರಳು ಆಡಿದಂತೆ ಹೊರಗೆ ನಿಂತವನಿಗೂ ಕಾಣುತ್ತಿತ್ತು. 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ಯಾವ ಸಾಲ ಕೂತಿದೆ ಎಂಬುದು ಅಲ್ಲಿಯವರೆಗೆ ಒಬ್ಬರ ಬಗಲಿನ ಪುಸ್ತಕದಲ್ಲಿ ಇದ್ದ ವಿಷಯ. ಎರಡು ಪರದೆ ಎಂದರೆ ಬರೆಯುವವನು ಮೂಲವನ್ನು ಮುಚ್ಚಿಟ್ಟುಕೊಂಡು ಬರೆಯುವಂತಿಲ್ಲ. ಈ ಅಳತೆಗೋಲು ನನಗೆ ಅಲ್ಲಿಂದ ಸಿಕ್ಕಿದ್ದು. ಒಂದು ಆಪ್ ಪರದೆಯನ್ನು ಎಷ್ಟು ಚೆಂದ ಸೀಳುತ್ತದೆ ಎನ್ನುವುದಕ್ಕಿಂತ, ಸೀಳಿದ ಮೇಲೆ ಆ ಕಡೆಯ ಮೂಲಕ್ಕೂ ಈ ಕಡೆಯ ಬರಹಕ್ಕೂ ಓಡಾಡಲು ದಾರಿ ಬಿಡುತ್ತದೆಯೋ ಇಲ್ಲವೋ ಎಂಬುದನ್ನು ನೋಡಬೇಕು. ಹೊಲ ಪಾಲಾದರೆ ಸಾಲದು, ಬಂಡಿದಾರಿ ಬಿಟ್ಟಿರಬೇಕು.

ಪರದೆ ಸೀಳುವುದಷ್ಟೇ ಆದರೆ ಅದಕ್ಕೆ ವಿಶೇಷ ಆಪ್ ಬೇಕಿಲ್ಲ, ಯಂತ್ರವೇ ಮಾಡುತ್ತದೆ. ಸ್ಯಾಮ್‌ಸಂಗ್‌ನವರು 2012ರ ಗ್ಯಾಲಕ್ಸಿ ನೋಟ್ 10.1ರಲ್ಲೇ ತೋರಿಸಿದರು. ಐಪ್ಯಾಡಿಗೆ 2015ರಲ್ಲಿ ಐಓಎಸ್ 9ರೊಂದಿಗೆ ಬಂತು, ಎಲ್ಲ ಆಂಡ್ರಾಯ್ಡಿಗೂ 2016ರ ಏಳನೇ ಆವೃತ್ತಿಯಿಂದ. 2025ರಲ್ಲಿ ಐಪ್ಯಾಡಿನವರು ಹಳೆಯ ಇಬ್ಭಾಗದ ಪದ್ಧತಿಯನ್ನೇ ತೆಗೆದು ಬೇಕಾದಷ್ಟು ಕಿಟಕಿಗಳನ್ನು ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸುವ ವ್ಯವಸ್ಥೆ ತಂದರು. ಒಂದು ಕಿಟಕಿಯ ಮೇಲೆ ಇನ್ನೊಂದು ಹತ್ತಿ ಕೂರುತ್ತದೆ. ಮೈಕ್ರೋಸಾಫ್ಟಿನ ಮೊಟ್ಟಮೊದಲ ವಿಂಡೋಸ್ 1985ರಲ್ಲಿ ಬಂದಾಗ ಕಿಟಕಿಗಳು ಒಂದರ ಮೇಲೊಂದು ಹತ್ತುತ್ತಿರಲಿಲ್ಲ, ಪಕ್ಕಪಕ್ಕವೇ ಇರಬೇಕಿತ್ತು. ಪಕ್ಕಪಕ್ಕ ಇದ್ದವರು ಹತ್ತಿ ಕೂರುವುದು, ಹತ್ತಿ ಕೂತವರು ಬೇಸರವಾಗಿ ಪಕ್ಕಪಕ್ಕ ಬರುವುದು ಈ ನಲವತ್ತು ವರ್ಷ ನಡೆದೇ ಇದೆ.

ಊರಹಬ್ಬಕ್ಕೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಐಪ್ಯಾಡ್ ಸಮೇತ ಬಂದಿದ್ದ. ಕಾನೂನು ಓದುತ್ತಾನೆ. ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಇಬ್ಬರದೂ ಪರದೆ ಎದುರುಬದುರಾದವು. ಅವನ ಅಸ್ತ್ರ ಲಿಕ್ವಿಡ್‌ಟೆಕ್ಸ್ಟ್. ಇದು ಹುಟ್ಟಿದ್ದೇ ಓದುವವರು ಪುಟದ ಮೇಲೆ ಏನೇನು ಮಾಡುತ್ತಾರೆ ಎಂದು ಜಾರ್ಜಿಯ ಟೆಕ್‌ನಲ್ಲಿ ನಡೆದ ಸಂಶೋಧನೆಯಿಂದ. ಎಡಕ್ಕೆ ತೀರ್ಪು, ಬಲಕ್ಕೆ ಖಾಲಿ ಅಂಗಳ. ತೀರ್ಪಿನ ಒಂದು ವಾಕ್ಯ ಹಿಡಿದು ಅಂಗಳಕ್ಕೆ ಎಳೆದು ಬಿಟ್ಟರೆ ಅಲ್ಲಿ ಒಂದು ಚೀಟಿಯಾಗಿ ಕೂರುತ್ತದೆ. ಎಷ್ಟು ದಿನ ಬಿಟ್ಟು ಆ ಚೀಟಿಯನ್ನು ತಟ್ಟಿದರೂ ಎಡಗಡೆ ಅದೇ ಪುಟದ ಅದೇ ಸಾಲು ತೆರೆದುಕೊಳ್ಳುತ್ತದೆ. ಬುಷ್ ಮಹಾಶಯ ಹೇಳಿದ ಗಂಟು ಇದೇ. ಇನ್ನೊಂದು ಚಮತ್ಕಾರವೂ ಇದೆ: ಎರಡು ಬೆರಳಿನಲ್ಲಿ ಪುಟಗಳನ್ನು ಹಿಂಡಿದರೆ ನಡುವಿನ ಪುಟಗಳೆಲ್ಲ ಮಡಿಕೆಯಾಗಿ, 3ನೇ ಪುಟವೂ 90ನೇ ಪುಟವೂ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಇದನ್ನು ನೋಡಿ ತಾತ, “ನಮ್ ಕೇಸಿನ ಫೈಲೂ ಹಿಂಗೇ ಹಿಂಡ್‌ಬೋದಾ ಮಗಾ?” ಎಂದು ಕೇಳಿದರು. “ಸ್ಕ್ಯಾನ್ ಮಾಡ್ಸಿದ್ರೆ ಹಿಂಡ್‌ಬೋದು ತಾತ, ಆದ್ರೆ ತೀರ್ಪು ಬೇಗ ಬರಲ್ಲ” ಎಂದ ಹುಡುಗ. ಒಳ್ಳೆಯ ವಕೀಲನಾಗುವ ಲಕ್ಷಣ.

ಮಾರ್ಜಿನ್‌ನೋಟ್ ಎಂಬುದೂ ಅವನ ಹತ್ತಿರ ಇದೆ. ಗೆರೆ ಎಳೆದ ಸಾಲುಗಳನ್ನೆಲ್ಲ ಒಯ್ದು ಕೊಂಬೆ ಕೊಂಬೆಯಾದ ನಕ್ಷೆ ಮಾಡುತ್ತದೆ, ಅದರಿಂದಲೇ ಪ್ರಶ್ನೋತ್ತರದ ಚೀಟಿಗಳನ್ನೂ ಮಾಡಿಕೊಡುತ್ತದೆ. ಅದನ್ನು ಕಲಿಯಲು ಹಿಡಿಯುವ ಹೊತ್ತಿನಲ್ಲಿ ಒಂದು ವಿಷಯವನ್ನೇ ಕಲಿತುಬಿಡಬಹುದು ಎನ್ನುವುದು ನನ್ನ ಅಭಿಪ್ರಾಯ. ನೋಟಬಿಲಿಟಿಯಲ್ಲಿ ಎರಡು ನೋಟುಗಳನ್ನು ಒಟ್ಟಿಗೆ ತೆರೆದಿಡಬಹುದು. ಅದರ ಹೆಚ್ಚುಗಾರಿಕೆ ಧ್ವನಿಮುದ್ರಣ. ಪಾಠ ಕೇಳುತ್ತ ಬರೆದರೆ, ಆಮೇಲೆ ಬರೆದ ಪದವನ್ನು ತಟ್ಟಿದಾಗ ಆ ಕ್ಷಣದಲ್ಲಿ ಮೇಷ್ಟ್ರು ಏನು ಹೇಳುತ್ತಿದ್ದರು ಎಂಬುದು ಕೇಳಿಸುತ್ತದೆ. ನನ್ನ ಕಾಲದಲ್ಲಿ ಇದು ಇರಲಿಲ್ಲವಲ್ಲ ಎಂದು ಮೇಷ್ಟ್ರಾಗಿ ಸಮಾಧಾನಪಟ್ಟೆ. ಗುಡ್‌ನೋಟ್ಸ್ ಬರೆಯುವ ಸುಖಕ್ಕೆ ಹೆಸರಾದದ್ದು, ಅದರಲ್ಲಿ ಅಕ್ಷರ ದುಂಡಗೆ ಬೀಳುತ್ತದೆ. ಆದರೆ ಪುಸ್ತಕದ ಸಾಲಿಗೂ ನೋಟಿಗೂ ಗಂಟು ಹಾಕುವ ವಿಚಾರದಲ್ಲಿ ಅದು ಲಿಕ್ವಿಡ್‌ಟೆಕ್ಸ್ಟಿನ ಸಮಕ್ಕೆ ಬರುವುದಿಲ್ಲ.

ಆಂಡ್ರಾಯ್ಡಿನ ಕಡೆ, ನನ್ನ ಸೊಸೆಯ ಪಾಲಿಗೆ, ಇದಕ್ಕೆ ಹತ್ತಿರದ್ದು ಫ್ಲೆಕ್ಸಿಲ್. ಐಪ್ಯಾಡಿಗೂ ಇದೆ, ಆಂಡ್ರಾಯ್ಡಿಗೂ ಇದೆ. ಮೇಲೆ ಪುಸ್ತಕ, ಕೆಳಗೆ ನೋಟು ಒಂದೇ ಆಪಿನೊಳಗೆ. ಪೆನ್ನಿನಿಂದ ಸಾಲಿನ ಕೆಳಗೆ ಗೆರೆ ಹಾಕಿ ಎಳೆದರೆ ಸಾಲು ನೋಟಿಗೆ ಬರುತ್ತದೆ, ಬಂದದ್ದನ್ನು ತಟ್ಟಿದರೆ ಮೂಲಕ್ಕೆ ಹೋಗುತ್ತದೆ. ಅವಳು ಹುರುಪಿನಿಂದ ಕನ್ನಡದ ಒಂದು ಪಿಡಿಎಫ್ ತೆರೆದು, ‘ಕದಂಬರು’ ಎಂದು ಶುರುವಾಗುವ ವಾಕ್ಯಕ್ಕೆ ಗೆರೆ ಹಾಕಿ ಎಳೆದಳು. ಕೆಳಗೆ ಬಂದು ಬಿದ್ದದ್ದು ರೋಮನ್ ಅಕ್ಷರ, ಕೊಂಬು, ಬಾಲ, ಪ್ರಶ್ನಾರ್ಥಕ ಚಿಹ್ನೆಗಳ ಒಂದು ರಾಶಿ.

“ಮಾವ, ಕದಂಬರು ಎಲ್ಲೋದ್ರು?”

ಕದಂಬರು ಹೋದದ್ದು ಫಾಂಟಿನ ಹೊಟ್ಟೆಯೊಳಕ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಕನ್ನಡದಲ್ಲಿ ಓದುವವರ ಪಾಲಿಗೆ ಎಲ್ಲ ಆಪ್‌ಗಳ ಹೋಲಿಕೆ ಕೂಡುವುದೂ ಮುರಿಯುವುದೂ ಇಲ್ಲೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಸ್ಥಾನವಿದೆ. ಆದರೆ ನಮ್ಮ ಮುದ್ರಣ, ನಮ್ಮ ಕಚೇರಿ, ನಮ್ಮ ಡಿಟಿಪಿ ಅಂಗಡಿಗಳು ಬಹುಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳ ಮೇಲೆ. ಅವುಗಳಲ್ಲಿ ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ: ಒಂದು ಮನೆಯಲ್ಲಿ ‘ಕ’ದ ಮೈ, ಇನ್ನೊಂದರಲ್ಲಿ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. ನೋಡುವ ಕಣ್ಣಿಗೆ ಶುದ್ಧ ಕನ್ನಡ, ಯಂತ್ರದ ಲೆಕ್ಕದಲ್ಲಿ ರೋಮನ್ ಗೊಜ್ಜು. ಪಿಡಿಎಫ್ ಜೊತೆಗೆ ಫಾಂಟು ಅಡಗಿರುವುದರಿಂದ ಮೇಲಿನ ಹಿಸ್ಸೆಯಲ್ಲಿ ಚೆನ್ನಾಗಿ ಕಾಣುತ್ತದೆ. ಬದು ದಾಟಿಸಿ ಕೆಳಗೆ ಎಳೆದ ತಕ್ಷಣ ಬಣ್ಣ ಬಯಲಾಗುತ್ತದೆ. ಖಾತೆ ಒಬ್ಬರ ಹೆಸರಿನಲ್ಲಿ, ಸ್ವಾಧೀನ ಇನ್ನೊಬ್ಬರದು. ಅಂಥ ಪಿಡಿಎಫ್‌ನಲ್ಲಿ ‘ಕದಂಬ’ ಎಂದು ಹುಡುಕಿದರೂ ಸಿಗುವುದಿಲ್ಲ. ಪುಸ್ತಕದ ತುಂಬ ಕದಂಬರು ಇದ್ದೂ ಆಪ್ ‘ಒಂದೂ ಇಲ್ಲ’ ಎನ್ನುತ್ತದೆ. ಪುಟವನ್ನು ಫೋಟೋ ಹೊಡೆದು ಮಾಡಿದ ಪಿಡಿಎಫ್ ಆದರೆ ಇನ್ನೂ ಸರಳ, ಅದರಲ್ಲಿ ಅಕ್ಷರವೇ ಇರುವುದಿಲ್ಲ, ಚಿತ್ರ ಮಾತ್ರ. ಕೋಚಿಂಗಿನವರು ಹಂಚುವ ನೋಟ್ಸುಗಳಲ್ಲಿ ಬಹುಪಾಲು ಇವೆರಡೇ ಜಾತಿ.

ಹೀಗಾಗಿ ಲಿಕ್ವಿಡ್‌ಟೆಕ್ಸ್ಟು, ಫ್ಲೆಕ್ಸಿಲ್ಲುಗಳ ಮುಖ್ಯ ಬಲವಾದ ‘ಸಾಲು ಎಳೆಯುವ’ ವಿದ್ಯೆ ನಮ್ಮ ಹುಡುಗಿಯ ಓದಿನಲ್ಲಿ ಅರ್ಧ ಕೈಕೊಟ್ಟಿತು. ಪರಿಹಾರ ಇಲ್ಲದಿಲ್ಲ. ಸಾಲಿನ ಬದಲು ಪುಟದ ಒಂದು ಚೌಕವನ್ನು ಚಿತ್ರವಾಗಿ ಕತ್ತರಿಸಿ ಎಳೆಯಬಹುದು, ಗಂಟು ಉಳಿಯುತ್ತದೆ, ಕನ್ನಡವೂ ಉಳಿಯುತ್ತದೆ. ಆದರೆ ಅದನ್ನು ತಿದ್ದುವಂತಿಲ್ಲ, ಹುಡುಕುವಂತಿಲ್ಲ. ಇನ್ನೊಂದು ದಾರಿ, ತಾನೇ ಟೈಪು ಮಾಡುವುದು. ಗೂಗಲ್ 2015ರಲ್ಲಿ ಆಂಡ್ರಾಯ್ಡಿಗೆ 82 ಭಾಷೆಗಳ ಕೈಬರಹ ಗುರುತಿಸುವ ಸಾಧನ ಕೊಟ್ಟಾಗ ಅದರಲ್ಲಿ ಕನ್ನಡವೂ ಇತ್ತು; ಈಗ ಜಿಬೋರ್ಡ್ ಕೀಲಿಮಣೆಯೊಳಗೇ ಸೇರಿಕೊಂಡಿದೆ. ಪೆನ್ನಿನಲ್ಲಿ ‘ಬನವಾಸಿ’ ಎಂದು ಗೀಚಿದರೆ ಅಚ್ಚಕನ್ನಡದಲ್ಲಿ ಬೀಳುತ್ತದೆ. ತೊಂದರೆ ಒಂದೇ, ಕೀಲಿಮಣೆ ಎದ್ದ ತಕ್ಷಣ ಪರದೆಯಲ್ಲಿ ತನ್ನ ಪಾಲು ಕೇಳುತ್ತದೆ. ಇಬ್ಬರಿಗೆ ಹಂಚಿದ ಹೊಲಕ್ಕೆ ಊರು ಬಿಟ್ಟಿದ್ದ ಮೂರನೇ ಹಿಸ್ಸೇದಾರ ಬಂದು ನಿಂತ ಹಾಗಾಗಿ, ಪುಸ್ತಕಕ್ಕೆ ನಾಲ್ಕು ಸಾಲಿನ ಜಾಗ, ನೋಟಿಗೆ ಮೂರು ಸಾಲಿನ ಜಾಗ ಉಳಿಯುತ್ತದೆ.

ಕೊನೆಗೆ ಅವಳು ಹಿಡಿದ ದಾರಿ ತೀರ ಸಾದಾ. ಮೇಲೆ ಪುಸ್ತಕ, ಕೆಳಗೆ ಟ್ಯಾಬ್ಲೆಟ್ಟಿನ ಜೊತೆಗೇ ಬಂದ ಪುಕ್ಕಟೆ ನೋಟ್ಸು. ಪೆನ್ನಿನಲ್ಲೇ ಬರೆಯುತ್ತಾಳೆ. ಪ್ರತಿ ಟಿಪ್ಪಣಿಯ ಎಡಕ್ಕೆ ಪುಸ್ತಕದ ಹೆಸರಿನ ಮೊದಲಕ್ಷರ, ಪುಟಸಂಖ್ಯೆ. ಗಂಟನ್ನು ಕೈಯಿಂದಲೇ ಹಾಕಿಕೊಂಡಳು ಎಂದಾಯಿತು. ನಾನು ಇದಕ್ಕೆ ಇನ್ನೊಂದು ಸೇರಿಸಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಮೇಷ್ಟ್ರು 1950ರ ದಶಕದಲ್ಲಿ ಹೇಳಿಕೊಟ್ಟ ಕ್ರಮ: ನೋಟಿನ ಪುಟವನ್ನೇ ಒಂದು ನಿಲುವು ಗೆರೆಯಿಂದ ಸೀಳಿ, ಅಗಲದ ಕಡೆ ಟಿಪ್ಪಣಿ, ಕಿರಿದಾದ ಕಡೆ ಅದಕ್ಕೆ ಕೇಳಬಹುದಾದ ಪ್ರಶ್ನೆ. ಓದುವಾಗ ಟಿಪ್ಪಣಿ ಮುಚ್ಚಿ ಪ್ರಶ್ನೆಗೆ ಉತ್ತರ ಹೇಳಬೇಕು. “ಪೋಡಿಯೊಳಗೆ ಇನ್ನೊಂದ್ ಪೋಡಿನಾ ಮಾವ?” ಎಂದು ನಕ್ಕಳು. ಸರ್ವೆ ನಂಬರಿನ ಪಕ್ಕ ಒಂದು ಓರೆಗೆರೆ ಎಳೆದು 1, 2, ಎ, ಬಿ ಎಂದು ಬೆಳೆದ ಹಿಸ್ಸೆಗಳನ್ನು ಪಹಣಿಯಲ್ಲಿ ಕಂಡ ನಮ್ಮವರಿಗೆ ಇದೇನು ಹೊಸದಲ್ಲ.

ತಮ್ಮನ ಮಗನಿಗೆ ಇದು ಹಿಂದುಳಿದ ಪದ್ಧತಿ ಎನಿಸಿತು. “ದೊಡ್ಡಪ್ಪ, ಅವಳು ಒಂದ್ ಅಧ್ಯಾಯ ಬರೆಯೋ ಹೊತ್ತಿಗೆ ನಾನು ನಾಲ್ಕು ತೀರ್ಪು ಮುಗಿಸ್ತೀನಿ” ಎಂದ. ನಿಜವೇ. ಅವನ ಅಂಗಳದ ತುಂಬ ಎಳೆದು ಹಾಕಿದ ಚೀಟಿಗಳಿದ್ದವು. ಅದರಲ್ಲಿ ಒಂದನ್ನು ಮುಚ್ಚಿ ಏನಿದೆ ಹೇಳಪ್ಪ ಎಂದೆ. ಚೀಟಿ ತಟ್ಟಿ ಮೂಲ ತೆಗೆಯಲು ಹೊರಟ. ಅಮೆರಿಕದ ಮುಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದ ವಿದ್ಯಾರ್ಥಿಗಳು ಕೇಳಿದ್ದನ್ನು ಅಕ್ಷರಶಃ ಇಳಿಸಿಕೊಂಡರು, ಅರ್ಥದ ಪ್ರಶ್ನೆಗಳಿಗೆ ಕೈಯಲ್ಲಿ ಬರೆದವರೇ ಚೆನ್ನಾಗಿ ಉತ್ತರಿಸಿದರು. ಆಮೇಲೆ ಅದನ್ನು ಮತ್ತೆ ಮಾಡಿ ನೋಡಿದವರಿಗೆ ವ್ಯತ್ಯಾಸ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ನಾನು ಅದನ್ನು ಹುಡುಗನ ಮೇಲೆ ಬ್ರಹ್ಮಾಸ್ತ್ರವಾಗಿ ಬಿಡಲಿಲ್ಲ. ಆದರೆ ಮೇಲಿನ ಹೊಲದ ಮಣ್ಣನ್ನು ಬುಟ್ಟಿಗಟ್ಟಲೆ ಕೆಳಗಿನ ಹೊಲಕ್ಕೆ ಸುರಿದರೆ ಕೆಳಗಿನದರಲ್ಲಿ ಬೆಳೆ ಬಂತು ಎಂದಾಗುವುದಿಲ್ಲವಲ್ಲ. ನೂರಾರು ತೀರ್ಪುಗಳ ನಡುವೆ ಬೇಕಾದ ಸಾಲು ಹುಡುಕುವ ವಕೀಲನಿಗೆ ಎಳೆಯುವ ಆಪ್ ಬೇಕು, ಪುಸ್ತಕ ಹೊರಗಿಟ್ಟು ಪರೀಕ್ಷೆಯ ಕೋಣೆಗೆ ಹೋಗುವವಳಿಗೆ ಅದರ ಉಪಯೋಗ ಕಡಮೆ. ಇದಿಷ್ಟೇ ನನ್ನ ವಾದ.

ಕಂದಾಯದ ವಿಷಯ ಒಂದಿದೆ. ಈ ಆಪ್‌ಗಳನ್ನು ಹಿಂದೆ ಒಂದು ಸಲ ದುಡ್ಡು ಕೊಟ್ಟು ಕೊಂಡರೆ ಆಯಿತು, ಶುದ್ಧ ಕ್ರಯಪತ್ರ. ಈಗ ಹೆಚ್ಚಿನವು ವರ್ಷ ವರ್ಷ ಕಟ್ಟುವ ಗುತ್ತಿಗೆಗೆ ತಿರುಗಿವೆ. ನೋಟಬಿಲಿಟಿಯವರು 2021ರ ನವೆಂಬರಿನಲ್ಲಿ ಚಂದಾ ಪದ್ಧತಿ ಸಾರಿ, ಹಿಂದೆ ಕೊಂಡವರಿಗೂ ಒಂದು ವರ್ಷದ ಮೇಲೆ ಪೂರ್ತಿ ಸೌಲಭ್ಯ ಇರುವುದಿಲ್ಲ ಎಂದರು. ಬಳಕೆದಾರರು ಎಷ್ಟು ಗಲಾಟೆ ಮಾಡಿದರೆಂದರೆ ಕೆಲವೇ ದಿನಗಳಲ್ಲಿ ಹಳಬರ ಹಕ್ಕನ್ನು ಹಿಂದಿರುಗಿಸಿದರು. ಸಾಗುವಳಿಯಲ್ಲಿದ್ದವನನ್ನು ಒಕ್ಕಲೆಬ್ಬಿಸುವುದು ಸುಲಭವಲ್ಲ ಎಂಬುದು ಗೇಣಿದಾರರ ಕಾಲದಿಂದ ನಮಗೆ ಗೊತ್ತು. 2023ರಲ್ಲಿ ಗುಡ್‌ನೋಟ್ಸಿನ ಆರನೇ ಆವೃತ್ತಿಯೂ ಚಂದಾ ಕಡೆಗೇ ನಡೆಯಿತು. ಮೈಕ್ರೋಸಾಫ್ಟಿನ ಒನ್‌ನೋಟ್ ಈಗಲೂ ಪುಕ್ಕಟೆ, ಅದರ ಹಾಳೆಗೆ ಅಂಚೇ ಇಲ್ಲ, ಎತ್ತ ಬೇಕಾದರೂ ಬರೆಯುತ್ತ ಹೋಗಬಹುದು. ನನ್ನ ಸೊಸೆಗೆ ಅದು ಹಿಡಿಸಲಿಲ್ಲ. “ಎಲ್ಲಿ ಬರ್ದೆ ಅಂತ ಹುಡ್ಕೋಕೇ ಒಂದ್ ಗಂಟೆ ಬೇಕು ಮಾವ” ಎಂದಳು. ಅಂಚಿಲ್ಲದ ಜಮೀನು ಕಾಡಂಚಿನ ಹಳ್ಳಿಗಳಲ್ಲಿ ಏನೇನು ಪಾಡು ತರುತ್ತದೆ ಎಂದು ನೋಡಿದವಳು. ಹೋಬಳಿಯ ಆ ಕಡೆ ಕಾವೇರಿ ವನ್ಯಧಾಮ, ಆನೆಗಳಿಗೆ ಯಾರ ಚೆಕ್ಕುಬಂದಿಯೂ ಗೊತ್ತಿಲ್ಲ.

ಮೊನ್ನೆ ಅವಳ ನೋಟ್ಸಿನಲ್ಲಿ ‘ನಮ್ಮ ಜಿಲ್ಲೆ’ ಎಂಬ ಪುಟ ನೋಡಿದೆ. ಮೇಲಿನ ಹಿಸ್ಸೆಯ ಪಿಡಿಎಫ್ ‘ರಾಮನಗರ ಜಿಲ್ಲೆ’ ಎನ್ನುತ್ತಿತ್ತು. ಕೆಳಗೆ ಅವಳು ಪಟ್ಟಿ ಮಾಡಿದ್ದಳು: ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರ ಮೇ ತಿಂಗಳ ಸಂಪುಟದ ತೀರ್ಮಾನದಿಂದ ಬೆಂಗಳೂರು ದಕ್ಷಿಣ. ಮನೆ ಇದ್ದಲ್ಲೇ ಇದೆ, ಕೋಡಿಹಳ್ಳಿಯ ಬಸ್ಸು ನಿಲ್ಲುವ ಜಾಗವೂ ಬದಲಾಗಿಲ್ಲ. ಪುಟದ ಎಡಪಟ್ಟಿಯಲ್ಲಿ ಪ್ರಶ್ನೆ ಬರೆದಿದ್ದಳು, ‘ಕೋಡಿಹಳ್ಳಿ ಯಾವ ಜಿಲ್ಲೆಯಲ್ಲಿದೆ?’ ಅದರ ಮುಂದೆ ಉತ್ತರಕ್ಕೆ ಜಾಗ ಬಿಟ್ಟು, ಪೆನ್ಸಿಲ್ಲಿನ ಬಣ್ಣ ಆರಿಸಿಕೊಂಡು, “ಇದನ್ನ ಪರೀಕ್ಷೆ ಹಿಂದಿನ ರಾತ್ರಿ ತುಂಬ್ಸೋಣ ಮಾವ” ಎಂದು ಬದುವನ್ನು ಮೇಲಕ್ಕೆ ಸರಿಸಿದಳು.